ಶ್ವಾನೋದ್ಧಾರಕ ವಕೀಲಕಥನ: ಒಂದು ತಾತ್ವಿಕ ಅನುಸಂಧಾನ

ನ್ಯಾಯಿಕ ಪ್ರಭುತ್ವದ ಅಂಚಿನಲ್ಲಿ ಬಾಲ ಅಲ್ಲಾಡಿಸುತ್ತ ನಿಂತ ಅನ್ಯವನ್ನು ಅಪರಾಧಕಥನದ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿಸುವ ನೆಲೆಯಲ್ಲಿ ಈ ಪ್ರಬಂಧವು ತನ್ನ ಅಸ್ಮಿತೆಯನ್ನು ಕಟ್ಟಿಕೊಳ್ಳಲು ಹವಣಿಸುತ್ತದೆ. ಈ ವಾಕ್ಯ ಅರ್ಥವಾಗದವರು ಮುಂದೆ ಓದಬಹುದು. ಅರ್ಥವಾದವರು ಈಗಾಗಲೇ ಯಾರಿಗೋ ಮಾರ್ಗದರ್ಶಕರಾಗಿರುತ್ತಾರೆ, ಅವರಿಗೆ ಓದುವ ಅಗತ್ಯವಿಲ್ಲ.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಇರಲೇಬೇಕು. ಅಧಿಕಾರಿ: ರಾತ್ರಿಯೆಲ್ಲ ಪತ್ತೇದಾರಿ ಕಾದಂಬರಿ ಓದಿ, ಬೆಳಗ್ಗೆ ತಾನು ಅಂಥದ್ದನ್ನು ಮುಟ್ಟುವುದಿಲ್ಲವೆನ್ನುವವನು. ವಿಷಯ: ನಾಯಿ. ಸಂಬಂಧ: ನಾಯಿಗೂ ಕಾನೂನಿಗೂ ಇರುವಂಥದ್ದು, ಇದ್ದರೆ. ಪ್ರಯೋಜನ: ಬಡ್ತಿಗೆ ಬೇಕಾದ ಅಂಕ.

ಆಕರಸಾಮಗ್ರಿ ಅಮೆರಿಕದ್ದು. ಟ್ರೈಸ್ಟಾರ್ ಪಿಕ್ಚರ್ಸ್‌ನಲ್ಲಿ ಸಿನಿಮಾ ಮಾರುಕಟ್ಟೆ ನೋಡಿಕೊಳ್ಳುತ್ತಿದ್ದ ಡೇವಿಡ್ ರೋಸೆನ್‌ಫೆಲ್ಟ್ 2002ರಲ್ಲಿ ‘ಓಪನ್ ಅಂಡ್ ಶಟ್’ ಎಂಬ ಕಾದಂಬರಿ ಬರೆದರು. ಅದರ ನಾಯಕ ಆ್ಯಂಡಿ ಕಾರ್ಪೆಂಟರ್, ನ್ಯೂಜೆರ್ಸಿಯ ಪ್ಯಾಟರ್ಸನ್ ಊರಿನ ಕ್ರಿಮಿನಲ್ ವಕೀಲ. ಅಪ್ಪ ಬಿಟ್ಟುಹೋದ 2.2 ಕೋಟಿ ಡಾಲರ್ ಇರುವುದರಿಂದ ಅವನಿಗೆ ಕಕ್ಷಿದಾರರ ಹಂಗಿಲ್ಲ. ಟಾರಾ ಎಂಬ ಗೋಲ್ಡನ್ ರಿಟ್ರೀವರ್ ಇದೆ. ಮರಣದಂಡನೆಯಿಂದ ತಾನೇ ಬಿಡಿಸಿದ ವಿಲ್ಲಿ ಮಿಲ್ಲರ್ ಜೊತೆ ಸೇರಿ ಅದರ ಹೆಸರಿನಲ್ಲಿ ಅನಾಥ ನಾಯಿಗಳ ಸಂಸ್ಥೆ ನಡೆಸುತ್ತಾನೆ. ಯಾರಾದರೂ ಕೇಸು ತಂದರೆ ಮುಖ ಹುಳ್ಳಗೆ ಮಾಡುತ್ತಾನೆ. ಕೇಸಿನ ಜೊತೆ ನಾಯಿಯೊಂದು ಬಂದರೆ ವಕಾಲತ್ತು ಹಾಕುತ್ತಾನೆ. ಈ ಸ್ಥಿತಿಯನ್ನು ನಾವು ‘ದುಡಿಮೋತ್ತರ ಶ್ವಾನಕೇಂದ್ರಿತ ಕರ್ತೃತ್ವ’ ಎಂದು ಗುರುತಿಸುತ್ತೇವೆ. ನಮ್ಮ ಮನೆಯಲ್ಲಿ ಇದಕ್ಕೆ ಸೋಮಾರಿತನ ಎನ್ನುತ್ತಾರೆ.

ಆ್ಯಂಡಿಯ ಈ ಕಾದಂಬರಿ ಸರಣಿಯ ನಾಯಿಗಳು ಏಳು ವಿಧ. ಮೊದಲನೆಯದು ಕಕ್ಷಿದಾರಶ್ವಾನ. ‘ಪ್ಲೇ ಡೆಡ್’ ಕಾದಂಬರಿಯಲ್ಲಿ ಯಜಮಾನನನ್ನು ಕಚ್ಚಿದ ತಪ್ಪಿಗೆ ಸಾವಿನ ಸರದಿಯಲ್ಲಿ ನಿಂತ ನಾಯಿಯೊಂದನ್ನು ಉಳಿಸಲು ಆ್ಯಂಡಿ ಕೋರ್ಟಿಗೆ ಹೋಗಿ ವಾದಿಸುತ್ತಾನೆ. ಎರಡನೆಯದು ಸಾಕ್ಷಿಶ್ವಾನ. ಅದಕ್ಕೆ ಉದಾಹರಣೆ ಹುಡುಕಿದರೆ ಮತ್ತೆ ಅದೇ ನಾಯಿ! ಬಿಡುಗಡೆಯಾದ ಮೇಲೆ ಅದರ ಹಿಂದಿನ ಒಡೆಯ ಯಾರೆಂದು ಗೊತ್ತಾಗುತ್ತದೆ. ದೋಣಿಯೊಂದರಲ್ಲಿ ತನ್ನ ಭಾವೀ ಪತ್ನಿಯನ್ನು ಕೊಂದನೆಂದು ಅವನು ಜೈಲಿನಲ್ಲಿದ್ದಾನೆ. ನಾಯಿಯೂ ಆ ದೋಣಿಯಲ್ಲಿತ್ತು, ಸತ್ತೇಹೋಯಿತೆಂದು ಎಲ್ಲರೂ ನಂಬಿದ್ದರು. ಈಗ ಅದು ಬದುಕಿದೆ. ಬದುಕಿರುವುದೇ ಅದರ ಸಾಕ್ಷ್ಯ. ಈಗಿನ ಹೆಸರು ಯೋಗಿ, ಪೂರ್ವಾಶ್ರಮದ ಹೆಸರು ರೆಜಿ. ಒಂದೇ ಪ್ರಾಣಿ ಅಪರಾಧಿ, ಕಕ್ಷಿದಾರ, ಸಾಕ್ಷಿ ಎಲ್ಲವೂ ಆಗಿರುವುದರಿಂದ ನಮ್ಮ ವರ್ಗೀಕರಣಕ್ಕೆ ಅತಿವ್ಯಾಪ್ತಿ ದೋಷ ಬಂತು. ‘ನ್ಯೂ ಟ್ರಿಕ್ಸ್’ನ ಮರಿನಾಯಿ ಯಾರ ಸುಪರ್ದಿಗೆ ಸೇರಬೇಕೆಂಬ ವ್ಯಾಜ್ಯವನ್ನು ಮೂರನೆಯ ವಿಧದಲ್ಲಿ ಹಾಕಬೇಕೆಂದಿದ್ದೆ. ಉಳಿದ ನಾಲ್ಕನ್ನೂ ಸೇರಿಸಿ ಕೈಬಿಟ್ಟಿದ್ದೇನೆ. ಮೌಲ್ಯಮಾಪಕರು ಅಲ್ಲಿವರೆಗೆ ಓದಿದ ದಾಖಲೆ ಇಲ್ಲ.

ಪೂರ್ವಪಕ್ಷ: “ಇಂಥ ಜನಪ್ರಿಯ ಸರಕಿಗೆ ಗಂಭೀರ ಚರ್ಚೆಯ ಅರ್ಹತೆ ಇಲ್ಲ.” ಎರಡು ದಿನಗಳ ವಿಚಾರ ಸಂಕಿರಣಗಳಲ್ಲಿ ಈ ಮಾತು ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಹೇಳುವವರು ಉದ್ಘಾಟನೆಗೆ ಒಂದೂವರೆ ಗಂಟೆ ತಡವಾಗಿ ಬಂದು, ‘ಪರಿಸರ ಪ್ರಜ್ಞೆ’ ಎಂಬ ಪದವನ್ನು ಇಪ್ಪತ್ತು ಸಲ ಬಳಸಿ, ಊಟದ ಶಾಮಿಯಾನದ ಬಳಿ ಬಂದ ನಾಯಿಗೆ ಕಾಲೆತ್ತುತ್ತಾರೆ. ಬೂಟಿನ ಕಾಲು.

ಇದಕ್ಕೆ ಉತ್ತರ ಪ್ಯಾಟರ್ಸನ್‌ನಿಂದ ಬರಬೇಕಿಲ್ಲ. ರಾಮಾಯಣದ ಉತ್ತರಕಾಂಡದಲ್ಲಿ, ಪ್ರಕ್ಷಿಪ್ತವೆಂದು ಪಂಡಿತರು ಬದಿಗಿಡುವ ಸರ್ಗದಲ್ಲಿ, ತಲೆಯೊಡೆದ ನಾಯಿಯೊಂದು ರಾಮನ ಬಾಗಿಲಿಗೆ ಫಿರ್ಯಾದಿಯಾಗಿ ಬರುತ್ತದೆ. ವಕೀಲನಿಲ್ಲ, ಠಸ್ಸೆ ಕಾಗದವಿಲ್ಲ. ಹೊಡೆದವನು ಭಿಕ್ಷೆಗೆ ಹೊರಟಿದ್ದ ಬ್ರಾಹ್ಮಣ. ಹಸಿದಿದ್ದೆ, ದಾರಿ ಬಿಡಲಿಲ್ಲ, ಸಿಟ್ಟು ಬಂತು, ಹೊಡೆದೆ ಎಂದು ಒಪ್ಪಿಕೊಳ್ಳುತ್ತಾನೆ. ಅವನಿಗೆ ದಂಡನೆ ಸಲ್ಲದು ಎಂದು ಸಭೆಯ ಪಂಡಿತರು ಗೊಣಗುತ್ತಾರೆ. ಕೊನೆಗೆ ಶಿಕ್ಷೆ ಸೂಚಿಸುವುದು ನಾಯಿಯೇ: ಇವನನ್ನು ಕಾಲಂಜರದ ಕುಲಪತಿ ಮಾಡಿ. ಅವನು ಹಿಗ್ಗಿ ಆನೆಯೇರಿ ಹೋಗುತ್ತಾನೆ. ಇದು ಶಿಕ್ಷೆಯೋ ವರವೋ ಎಂದು ಮಂತ್ರಿಗಳು ಕೇಳಿದರೆ, ಹಿಂದಿನ ಜನ್ಮದಲ್ಲಿ ಆ ಹುದ್ದೆಯಲ್ಲಿದ್ದದ್ದು ತಾನೇ ಎನ್ನುತ್ತದೆ ನಾಯಿ. ಈ ಸರ್ಗದ ಮೇಲೆ ಪಿಎಚ್‌.ಡಿ.ಗೆ ನೋಂದಾಯಿಸಿಕೊಳ್ಳಲು ಯಾರೂ ಯಾಕೆ ಮುಂದೆ ಬರುವುದಿಲ್ಲ ಎಂಬುದು ಇನ್ನೊಂದು ಪ್ರಬಂಧದ ವಿಷಯ.

ಈಗ ಸಿದ್ಧಾಂತ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಅದರ 11ನೇ ಸೆಕ್ಷನ್ ಹೊಡೆಯುವುದು, ಒದೆಯುವುದು, ಹಿಂಸಿಸುವುದು ಎಲ್ಲವನ್ನೂ ಸಾಲಾಗಿ ಬರೆದು ಮೊದಲ ಅಪರಾಧಕ್ಕೆ ದಂಡ ವಿಧಿಸುತ್ತದೆ: 10 ರೂಪಾಯಿಗೆ ಕಡಿಮೆಯಿಲ್ಲದಂತೆ, 50 ರೂಪಾಯಿ ಮೀರದಂತೆ. ಆರು ದಶಕಗಳಲ್ಲಿ ಕೋರ್ಟು ಫೀಸು ಏರಿದೆ, ಕೋರ್ಟಿನ ಎದುರಿನ ಟೀಯ ಬೆಲೆ ಏರಿದೆ. ಕೊಂದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆ 5 ವರ್ಷದವರೆಗೆ ಜೈಲು ಹೇಳುತ್ತದೆ, ಅದು ನಿಜ. ಸಾಯದಷ್ಟು, ಊನವಾಗದಷ್ಟು ಎಚ್ಚರದಿಂದ ಒದೆಯುವವನಿಗೆ ಮಾತ್ರ ಸರ್ಕಾರಿ ರಿಯಾಯಿತಿ ದರ. ಪೊಲೀಸರು ನಾಯಿಯನ್ನು ಬಿಡಿಸಿ ತಂದರೆ ಅದು ಮುದ್ದೆಮಾಲು. ಕಾರಿನ ಹಾಗೆ, ಕಳ್ಳಬಟ್ಟಿಯ ಕ್ಯಾನಿನ ಹಾಗೆ. ಕೇಸು ಮುಗಿಯುವವರೆಗೆ ಅದನ್ನು ಎಲ್ಲಿಡಬೇಕು, ಖರ್ಚು ಯಾರದು ಎಂದು ನಿಯಮ ಮಾಡಲು 2017 ಬರಬೇಕಾಯಿತು. ವಾಯಿದೆಯ ಮೇಲೆ ವಾಯಿದೆ ಬೀಳುವ ನಮ್ಮಲ್ಲಿ ನಾಯಿಯ ಆಯಸ್ಸೇ ಹತ್ತು ಹನ್ನೆರಡು ವರ್ಷ. ಇದಕ್ಕೆ ಯಾವ ‘ಅನುಸಂಧಾನ’ ಮಾಡುವುದು?

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಒಂದು ಪೀಠ ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಿಗೆ ಹಾಕಿ ಎಂದಿತು. 22ರಂದು ಇನ್ನೊಂದು ಪೀಠ, ಸಂತಾನಹರಣ ಮಾಡಿ, ಲಸಿಕೆ ಹಾಕಿ, ರೇಬೀಸ್ ಇರುವ ಮತ್ತು ಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಉಳಿದವನ್ನು ಹಿಡಿದ ಜಾಗಕ್ಕೇ ಮರಳಿಸಿ ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ತೆಗೆಯಿರಿ, ಅಲ್ಲಿಗೆ ಮರಳಿಸಬೇಡಿ ಎಂಬ ಆದೇಶ ಬಂತು. ಕಚ್ಚಿಸಿಕೊಂಡ ಮಗುವಿನ ತಾಯಿಯ ಮುಂದೆ ನಿಂತು ತಮಾಷೆ ಮಾಡುವ ನಾಲಿಗೆ ನನಗಿಲ್ಲ. ರೇಬೀಸ್ ಲಕ್ಷಣ ತೋರಿದ ಮೇಲೆ ವೈದ್ಯರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದರೆ ಸಂತಾನಹರಣದ ನಿಯಮ 2001ರಿಂದಲೇ ಇದೆ. ಆ ಕೆಲಸ ಮಾಡಬೇಕಿದ್ದ ನಗರಾಡಳಿತಗಳನ್ನು ಯಾವ ಕಾದಂಬರಿಕಾರನೂ ಕಟಕಟೆಗೆ ಹತ್ತಿಸಲಿಲ್ಲ. ರೋಸೆನ್‌ಫೆಲ್ಟ್ ದಂಪತಿ ಕಟ್ಟಿದ ನಿಜವಾದ ಟಾರಾ ಫೌಂಡೇಶನ್ ಹತ್ತಿರ ಹತ್ತಿರ 4,000 ನಾಯಿಗಳನ್ನು ಉಳಿಸಿದೆ. ಅಲ್ಲಿ ಕಾದಂಬರಿಗೂ ಊರಿಗೂ ಅಷ್ಟು ದೂರವಿಲ್ಲ.

ಆ ಆಗಸ್ಟ್ 22ರ ಆದೇಶದಲ್ಲಿ ಇನ್ನೊಂದು ಸಾಲಿದೆ. ಕೋರ್ಟಿನ ಮುಂದೆ ಬಂದಿದ್ದ ಶ್ವಾನಪ್ರೇಮಿಗಳು ತಲಾ 25,000 ರೂಪಾಯಿ, ಸಂಸ್ಥೆಗಳು 2 ಲಕ್ಷ ರೂಪಾಯಿ ಠೇವಣಿ ಇಡಬೇಕು, ಇಲ್ಲವಾದರೆ ಮುಂದಕ್ಕೆ ಹಾಜರಾಗುವಂತಿಲ್ಲ. ಹಣ ನಾಯಿಗಳ ಸೌಕರ್ಯಕ್ಕೇ ಹೋಗುತ್ತದೆ, ಒಪ್ಪೋಣ. ನಾಯಿಯ ಪರ ಬಾಯಿ ತೆರೆಯಲು 25,000, ನಾಯಿಯ ಪಕ್ಕೆಗೆ ಒದೆಯಲು ಹೆಚ್ಚೆಂದರೆ 50. ಒಬ್ಬ ಪ್ರೇಮಿಯ ಠೇವಣಿಯಲ್ಲಿ 500 ಜನರ ಮೊದಲ ಒದೆತದ ಗರಿಷ್ಠ ದಂಡ ಚುಕ್ತಾ ಆಗುತ್ತದೆ. ಇದನ್ನು ‘ಕೋಷ್ಟಕ 1’ ಎಂದು ಗೆರೆ ಎಳೆದು ಕೊಡಬೇಕೆಂಬುದು ಸಂಶೋಧನಾ ವಿಧಾನದ ನಿಯಮ. ಕೊಡುವುದಿಲ್ಲ. ಅಂಕ ಕಳೆಯುವವರು ಕಳೆದುಕೊಳ್ಳಲಿ.