ಹಿಟ್ಟು-ಉದಕಕ್ಕೊಂದು ಹಸಿರು ಚುಕ್ಕಿ

ಲಂಡನ್ನಿನಲ್ಲಿ 1944ರ ನವೆಂಬರಿನಲ್ಲಿ ಡೊನಾಲ್ಡ್ ವ್ಯಾಟ್ಸನ್ ಎಂಬ ಮರಗೆಲಸ ಕಲಿಸುವ ಮೇಷ್ಟ್ರು ನಾಲ್ಕಾರು ಜನರನ್ನು ಕೂಡಿಸಿಕೊಂಡು, ಮಾಂಸದ ಜೊತೆಗೆ ಹಾಲು, ಬೆಣ್ಣೆ, ಮೊಟ್ಟೆಯನ್ನೂ ಬಿಟ್ಟವರದೊಂದು ಸಂಘ ಕಟ್ಟಿ ಅದಕ್ಕೆ ‘ವೀಗನ್’ ಎಂದು ಹೆಸರಿಟ್ಟರು. ಆ ಹೊತ್ತಿಗೆ ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಕಡೆಯ ಹೆಂಗಸರು ಹೊಲದ ಬದುವಿನಲ್ಲಿ ಬಗ್ಗಿ ಅಣ್ಣೆಸೊಪ್ಪು, ಗುರುಗೆಸೊಪ್ಪು, ಹೊನಗೊನೆಸೊಪ್ಪು ಕಿತ್ತು ಮಡಿಲಿಗೆ ತುಂಬಿಕೊಳ್ಳುತ್ತಿದ್ದರು. ಮನೆಗೆ ಬಂದು ಸೊಪ್ಪನ್ನು ಹುರುಳಿಕಾಳಿನ ಜೊತೆ ಬೇಯಿಸಿ, ಕಟ್ಟು ಬಸಿದು, ಹುಣಸೆಹಣ್ಣು ಕಿವುಚಿ ಉದಕ ಕಾಯಿಸಿ, ರಾಗಿ ಹಿಟ್ಟು ತೊಳಸಿ ಮನೆಮಂದಿಗೆಲ್ಲ ಇಕ್ಕಿ, ಉಳಿದರೆ ತಾವೂ ಉಣ್ಣುತ್ತಿದ್ದರು. ತಟ್ಟೆಯಲ್ಲಿ ಹಾಲಿಲ್ಲ, ತುಪ್ಪವಿಲ್ಲ, ಮೊಟ್ಟೆಯಿಲ್ಲ. ವ್ಯಾಟ್ಸನ್ ಮೇಷ್ಟ್ರ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರೂ ಇವರ ಹೆಸರು ಯಾವ ಸಂಘದ ದಫ್ತರಿಗೂ ಏರಲಿಲ್ಲ. ಏರುವುದಾದರೂ ಹೇಗೆ? ಬಿಟ್ಟೆವು ಅನ್ನಲು ಮೊದಲು ಕೈಯಲ್ಲಿ ಏನಾದರೂ ಇರಬೇಕಲ್ಲ.

ಇವತ್ತಿಗೂ ಲೆಕ್ಕ ಬಹಳ ಬದಲಾಗಿಲ್ಲ. ಕೊಟ್ಟಿಗೆಯಲ್ಲಿ ಸೀಮೆಹಸು ಇದೆ; ಹಾಲು ಬೆಳಗಾಗುತ್ತಲೇ ಡೈರಿ ಕ್ಯಾನಿಗೆ, ಮಿಕ್ಕ ಒಂದು ಲೋಟ ಟೀಗೆ. ನಾಟಿಕೋಳಿ ಇದೆ, ಮೊಟ್ಟೆ ಅಂಗಡಿಗೆ. ಕುರಿಯಿದೆ, ಅದು ಮಗಳ ಕಾಲೇಜು ಫೀಜಿಗೋ, ಸುಟ್ಟುಹೋದ ಬೋರ್‌ವೆಲ್ ಮೋಟಾರಿನ ರಿಪೇರಿಗೋ ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದ ಸಂತೆಗೆ ಹೊರಡುತ್ತದೆ. ಸಾಕಿದವರು ಹುಚ್ಚೆಳ್ಳು ಚಟ್ನಿಯಲ್ಲಿ ಹಿಟ್ಟು ಉಣ್ಣುತ್ತಾರೆ, ಕುರಿ ಬೆಂಗಳೂರಿಗೆ ಹೋಗಿ ಬಿರಿಯಾನಿ ಆಗುತ್ತದೆ. ಸಮೀಕ್ಷೆಯವರು ಬಂದು ಬಾಗಿಲು ತಟ್ಟಿದಾಗ ಮಾತ್ರ ಈ ಮನೆ ‘ಮಾಂಸಾಹಾರಿ’. 2014ರ ಮಾದರಿ ನೋಂದಣಿ ವ್ಯವಸ್ಥೆಯ, ಅಂದರೆ ಎಸ್‌ಆರ್‌ಎಸ್ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಸ್ಯಾಹಾರಿಗಳು ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಮಿಕ್ಕ ನಾಲ್ವರ ತಟ್ಟೆಗೆ ಮಾಂಸ ಯಾವತ್ತು ಬೀಳುತ್ತದೆ ಅನ್ನುವುದು ಬೇರೆ ಕತೆ.

ಆ ಕತೆಯನ್ನು ಪಂಚಾಂಗದಲ್ಲೇ ಓದಬಹುದು. ಸೋಮವಾರ ಈಶ್ವರನ ದಿನ, ಬಾಡು ತಿನ್ನುವಂತಿಲ್ಲ. ಶನಿವಾರ ಪಾವಗಡದ ಶನಿಮಹಾತ್ಮನದು, ಅವನ ತಂಟೆಗೆ ಯಾರೂ ಹೋಗುವುದಿಲ್ಲ. ಮನೆದೇವರ ವಾರ ಇನ್ನೊಂದು. ಶ್ರಾವಣ ಬಂತೆಂದರೆ ತಿಂಗಳಿಗೆ ತಿಂಗಳೇ ಬಂದ್. ಹೀಗೆ ವಾರದ ಏಳರಲ್ಲಿ ಮೂರು ದಿನವನ್ನು ದೇವರುಗಳು ಹಂಚಿಕೊಂಡಿದ್ದಾರೆ. ಮಿಕ್ಕ ನಾಲ್ಕನ್ನು ಬಡತನ ನೋಡಿಕೊಳ್ಳುತ್ತದೆ. ಈ ಶಿಸ್ತಿನ ಸಸ್ಯಾಹಾರಕ್ಕೆ ‘ಸಾತ್ವಿಕ’ ಎಂಬ ಬಿರುದನ್ನು ಯಾರೂ ಕೊಟ್ಟಿಲ್ಲ. ಅದನ್ನು ಕಾದಿರಿಸಿರುವುದು ದಿನಕ್ಕೆರಡು ಹೊತ್ತು ತುಪ್ಪದಲ್ಲಿ ಕಲಸಿದ ಅನ್ನ ಉಂಡು, ಬೊಜ್ಜು ಕರಗಲೆಂದು ವೈದ್ಯರ ಸಲಹೆಯಂತೆ ರಾತ್ರಿಗೆ ರಾಗಿ ಮುದ್ದೆಗೆ ಇಳಿದವರಿಗೆ.

ಈಗ ವಾರದ ಕೊನೆಗೆ ಬೆಂಗಳೂರಿನ ಕಾರುಗಳು ಈ ಕಡೆ ಹರಿಯುತ್ತವೆ. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವವರು, ಸೈಟು-ಜಮೀನು ವಿಚಾರಿಸುವವರು, ಇವರ ನಡುವೆ ಹೊಸದಾಗಿ ವೀಗನ್ ಆದವರು. ಇಂಥ ಒಬ್ಬ ತರುಣ ಗೆಳೆಯನ ಹಳ್ಳಿಮನೆಯ ಜಗಲಿಯಲ್ಲಿ ಊಟಕ್ಕೆ ಕೂತ ಎಂದುಕೊಳ್ಳಿ.

‘ಅಜ್ಜಿ, ಇದಕ್ಕೆ ತುಪ್ಪ ಹಾಕಿಲ್ಲ ತಾನೆ?’

‘ತುಪ್ಪ ಎಲ್ಲೈತಪ್ಪ. ಇದ್ದಿದ್ರೆ ಹಾಕ್ತಿದ್ದೆ.’

ತರುಣನಿಗೆ ಆನಂದ. ಪೂರ್ತಿ ಸಸ್ಯಮೂಲ, ಗ್ಲುಟನ್ ಇಲ್ಲ, ಎಲ್ಲ ಸುತ್ತಲಿನ ಹೊಲದ್ದೇ ಎಂದು ತಟ್ಟೆಯ ಫೋಟೋ ತೆಗೆದು ಲೋಕಕ್ಕೆ ಸಾರುತ್ತಾನೆ. ಅಜ್ಜಿಗೆ ಅವಮಾನ. ಮನೆಗೆ ಬಂದ ನೆಂಟನಿಗೆ ಬರೀ ಉದಕ ಇಕ್ಕಿ ಕಳಿಸಿದರೆ ಊರಲ್ಲಿ ಮುಖ ಎತ್ತುವುದು ಹೇಗೆ? ‘ಒಂದು ಕೋಳಿನಾದ್ರೂ ಕುಯ್ಯಾಣ ಅಂದ್ರೆ ಬ್ಯಾಡ ಅಂತೈತೆ ಈ ಮಗ, ಹೊಟ್ಟೆಗೇನಾದ್ರೂ ಆಗೈತಾ?’ ಎಂದು ಸೊಸೆಯ ಕಿವಿಯಲ್ಲಿ ಕೇಳುತ್ತಾಳೆ. ತಟ್ಟೆ ಒಂದೇ, ಉದಕ ಒಂದೇ. ಆತನಿಗೆ ಅದು ಸಾಧನೆ, ಆಕೆಗೆ ಅದು ಮುಚ್ಚಿಡಬೇಕಾದ ಸಂಗತಿ.

ಊಟದ ಮೇಲೆ ಕಾಫಿಗೆಂದು ಆತ ಬ್ಯಾಗಿನಿಂದ ಬಾದಾಮಿ ಹಾಲಿನ ಪೊಟ್ಟಣ ತೆಗೆಯುತ್ತಾನೆ. ಲೀಟರಿಗೆ ಮುನ್ನೂರು ರೂಪಾಯಿ ಆಸುಪಾಸು. ಲೋಕದ ಬಾದಾಮಿಯಲ್ಲಿ ಮುಕ್ಕಾಲಿಗೂ ಹೆಚ್ಚು ಬೆಳೆಯುವುದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿಯೂ ನೆಲದಡಿಯ ನೀರನ್ನು ನಮ್ಮವರಂತೆಯೇ ಪಾತಾಳದಿಂದ ಎತ್ತುತ್ತಾರೆ. ಸಮುದ್ರ ದಾಟಿ ಬಂದ ಆ ಬೀಜದ ಹಾಲನ್ನು ಆತ ಕುಡಿಯುತ್ತಿರುವುದು ಶಿರಾ, ಪಾವಗಡ, ಮಧುಗಿರಿಯ ಕಡಲೆಕಾಯಿ ಹೊಲಗಳ ನಟ್ಟನಡುವೆ. ಕಡಲೆಬೀಜದಲ್ಲಿ ಬಾದಾಮಿಗಿಂತ ಪ್ರೋಟೀನ್ ಹೆಚ್ಚು. ಆದರೇನು, ಮಳೆ ಕೈಕೊಟ್ಟ ವರ್ಷ ಸಾಲ ತೀರಿಸಲು ಮಾರುವ ಬೀಜಕ್ಕೆ ನೀತಿಯ ಮೆರುಗು ಬರುವುದಿಲ್ಲ. ರಾಗಿಗೂ ಇದೇ ಗತಿ ಇತ್ತು. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಸುಣ್ಣದಂಶ. ಅಷ್ಟೇ ತೂಕದ ಹಾಲಿನಲ್ಲಿ 120. ನಮ್ಮ ಜನ ಅದನ್ನು ಉಂಡು ಗಟ್ಟಿಯಾದಾಗ ‘ಹಿಟ್ಟು ತಿನ್ನೋ ಜನ’ ಎಂದು ಮೂಗು ಮುರಿದವರು, ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ರಾಗಿ ಬಿಸ್ಕತ್ತಿಗೆ ಸಾಲು ನಿಂತರು.

ಹಬ್ಬಗಳ ಕಡೆ ಬಂದರೆ ವೀಗನ್ ತರುಣನಿಗೆ ನಿಜವಾದ ಪರೀಕ್ಷೆ. ಸಂಕ್ರಾಂತಿಯಲ್ಲಿ ಪಾಸು: ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಬೇಯಿಸಿದ ಅವರೆ, ಗೆಣಸು, ಕಬ್ಬು. ನಮ್ಮ ಹಿರಿಯರು ವ್ಯಾಟ್ಸನ್ ಮೇಷ್ಟ್ರನ್ನು ಕೇಳಿಯೇ ಈ ಹಬ್ಬ ಮಾಡಿದರೋ ಏನೋ. ದೇವಸ್ಥಾನದಲ್ಲಿ ಮಾತ್ರ ಫೇಲು. ಪಂಚಾಮೃತದ ಐದರಲ್ಲಿ ಹಾಲು, ಮೊಸರು, ತುಪ್ಪ, ಜೇನುತುಪ್ಪ ನಾಲ್ಕೂ ವರ್ಜ್ಯ. ಉಳಿದ ಸಕ್ಕರೆಯನ್ನು ಅಂಗೈಗೆ ಹಾಕಿಸಿಕೊಂಡು ಬರಬೇಕು.

ಯುಗಾದಿ ದಿನ ಊರಿಗೆ ಊರೇ ಸಸ್ಯಾಹಾರಿ. ಹೋಳಿಗೆ, ಹೋಳಿಗೆ ಸಾರು. ಮಾರನೆಯ ದಿನವೇ ಹೊಸತೊಡಕು. ಇದರ ಅರ್ಥಶಾಸ್ತ್ರವನ್ನು ಯಾವ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ. ಒಂದು ದಿನದ ಬಾಡಿಗಾಗಿ ವರ್ಷವಿಡೀ ಚೀಟಿ ಕಟ್ಟುತ್ತಾರೆ. ಬೆಳಕು ಹರಿಯುವ ಮುಂಚೆ ಕುರಿ ಕುಯ್ದು, ತೊಡೆ, ಪಕ್ಕೆ, ಈಲಿ, ಬೋಟಿ ಎಲ್ಲವನ್ನೂ ಒಂದೊಂದು ಚೂರು ಬರುವಂತೆ ಗುಡ್ಡೆ ಹಾಕುತ್ತಾರೆ. ಗುಡ್ಡೆಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತ ಹಿರಿಯರು ಇದರಿಂದ ಒಂದು ಮೂಳೆ ಅದಕ್ಕೆ, ಅದರಿಂದ ಒಂದು ಕೊಬ್ಬು ಇದಕ್ಕೆ ದಾಟಿಸುತ್ತಾ ಸಮ ಮಾಡುವುದನ್ನು ನೋಡಬೇಕು; ವಿಧಾನಸೌಧದಲ್ಲಿ ಅನುದಾನ ಹಂಚುವವರನ್ನು ಒಂದು ದಿನ ಇಲ್ಲಿಗೆ ತರಬೇತಿಗೆ ಕಳಿಸಬಹುದು. ಗುಡ್ಡೆ ಬಾಡಿನಲ್ಲಿ ಮೇಲ್ಮನೆಯಿಲ್ಲ, ಮೀಸಲು ತುಂಡಿಲ್ಲ. ಇಂಥ ಹಬ್ಬವನ್ನೂ ಪುಣ್ಯವಂತರು ಬಿಡಲಿಲ್ಲ. 2022ರ ಯುಗಾದಿಯ ಹೊತ್ತಿಗೆ ಹಲಾಲ್ ಬೇಡ, ಜಟ್ಕಾ ಬೇಕು ಎಂಬ ಅಭಿಯಾನ ಎದ್ದಿತು. ಜನ್ಮದಲ್ಲಿ ಮಾಂಸದಂಗಡಿಯ ಕಡೆ ತಲೆ ಹಾಕದವರೂ ಕುರಿಯನ್ನು ಯಾವ ಏಟಿಗೆ ಕಡಿದರೆ ಧರ್ಮ ಉಳಿಯುತ್ತದೆಂದು ಉಪದೇಶಕ್ಕೆ ನಿಂತರು.

ಪಿತೃಪಕ್ಷದ್ದು ಇನ್ನೂ ಸೊಗಸು. ಬದುಕಿದ್ದಾಗ ವರ್ಷಕ್ಕೆ ನಾಲ್ಕು ಸಲ ಬಾಡು ಕಂಡಿದ್ದ ತಾತನಿಗೆ ಎಡೆಯಲ್ಲಿ ಹಿಟ್ಟು, ಬಾಡಿನೆಸರು, ಪಕ್ಕದಲ್ಲಿ ಬೀಡಿ ಕಟ್ಟು, ಕೆಲವು ಮನೆಗಳಲ್ಲಿ ಕ್ವಾರ್ಟರ್ ಬಾಟಲಿ. ಆರೋಗ್ಯದ ಹೆದರಿಕೆ ಕಳೆದುಕೊಂಡ ಮೇಲಲ್ಲವೇ ಮನುಷ್ಯ ನಿಶ್ಚಿಂತೆಯಿಂದ ಉಣ್ಣುವುದು. ಮಾರಿಹಬ್ಬದಲ್ಲಿ ಕಾನೂನೂ ಬಂದು ಕೂರುತ್ತದೆ. ಪ್ರಾಣಿಬಲಿ ತಡೆಗೆ ರಾಜ್ಯದಲ್ಲಿ 1959ರಿಂದಲೇ ಕಾಯ್ದೆ ಇದೆ. ಹಾಗಾಗಿ ಗುಡಿಯ ಮುಂದೆ ತಾಯಿಗೆ ಮೊಸರನ್ನ, ತೆಂಗಿನಕಾಯಿ. ಕೋಣ-ಕುರಿಯ ವಿಷಯ ತಾಯಿಗೂ ಗೊತ್ತು, ಬಂದೋಬಸ್ತಿಗೆ ಬಂದವರಿಗೂ ಗೊತ್ತು, ಯಾರೂ ಕೇಳುವುದಿಲ್ಲ.

ದೊಡ್ಡವರ ತಟ್ಟೆಯ ಮಾತು ನಗೆಯಲ್ಲಿ ಮುಗಿಯುತ್ತದೆ, ಮಕ್ಕಳ ತಟ್ಟೆಯದು ಹಾಗಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 65.5ರಷ್ಟು ಪುಟ್ಟ ಮಕ್ಕಳಿಗೆ ರಕ್ತಹೀನತೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಭಾಗದ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರ ನಿದ್ದೆ ಕೆಟ್ಟಿತು. ಮಕ್ಕಳ ರಕ್ತ ಕಮ್ಮಿಯಾದಾಗ ಕೆಡದ ಧರ್ಮ, ಕೋಳಿಮೊಟ್ಟೆ ಬೇಯುವ ನೀರು ಕುದಿಯುತ್ತಲೇ ಕೆಟ್ಟುಹೋಗುತ್ತದೆ. ಬೇಡವೆಂದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂದರೂ ಸಮಾಧಾನವಿಲ್ಲ. ಅವರ ತಕರಾರು ತಮ್ಮ ಮಗು ತಿನ್ನುವುದರ ಬಗ್ಗೆ ಅಲ್ಲ, ಪಕ್ಕದ ಮಗು ತಿನ್ನುವುದರ ಬಗ್ಗೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಒದಗಿಸಿ ವಾರಕ್ಕೆ ಆರು ದಿನ ಮೊಟ್ಟೆ ಸಿಗುವಂತಾಯಿತು. ಆಮೇಲೆ ಸಕ್ಕರೆ-ಕೊಬ್ಬು ಹೆಚ್ಚೆಂದು ಪಟ್ಟಿಯಿಂದ ಬಿದ್ದದ್ದು ಕಡಲೆಬೀಜದ ಚಿಕ್ಕಿ. ಪಾಪ, ಯಾವ ಸ್ವಾಮೀಜಿಯೂ ಅದರ ಪರವಾಗಿ ಬೀದಿಗಿಳಿಯಲಿಲ್ಲ.

ವೀಗನ್ ತರುಣನ ಪರವಾಗಿ ಒಂದು ಮಾತು ಹೇಳಲೇಬೇಕು. ಬಿ12 ಜೀವಸತ್ವ ಸೊಪ್ಪುಸದೆಯಲ್ಲಿ ಸಿಗುವುದಿಲ್ಲ, ಮಾತ್ರೆ ನುಂಗಬೇಕು ಎಂದು ಅವನಿಗೆ ಗೊತ್ತು, ನುಂಗುತ್ತಾನೆ. ಅಜ್ಜಿಯ ಕೈಕಾಲು ಜೋಮು ಹಿಡಿದರೆ ಅದು ಗ್ರಹಚಾರದ ಖಾತೆಗೆ ಹೋಗುತ್ತದೆ. ಮತ್ತೆ, ನಮ್ಮ ‘ಶುದ್ಧ ಸಸ್ಯಾಹಾರಿ’ ಬೋರ್ಡಿನವರಿಗೆ ಹೋಲಿಸಿದರೆ ಅವನು ಪ್ರಾಮಾಣಿಕ. ಹಾಲು ಬೇಕಾದರೆ ಹಸು ಈಯಬೇಕು, ಈದರೆ ಅರ್ಧ ಪಾಲು ಗಂಡುಗರು. ಟ್ರ್ಯಾಕ್ಟರು ಬಂದ ಮೇಲೆ ಸೀಮೆತಳಿಯ ಹೋರಿಗರುವಿಗೆ ನೊಗವಿಲ್ಲ. 2020ರ ಜಾನುವಾರು ಹತ್ಯೆ ತಡೆ ಕಾಯ್ದೆಯಾದ ಮೇಲೆ ಕಸಾಯಿಖಾನೆಯೂ ಇಲ್ಲ. ಅದು ಎಲ್ಲಿ ಹೋಯಿತು ಎಂದು ತುಪ್ಪದ ದೋಸೆ ತಿನ್ನುವವರು ಕೇಳುವುದಿಲ್ಲ, ವೀಗನ್ ಕೇಳುತ್ತಾನೆ. ಉತ್ತರಕ್ಕೆ ಮಾತ್ರ ಹೈನು ಮಾಡುವ ಬಡವನ ಮುಖ ನೋಡುತ್ತಾನೆ, ಅಲ್ಲಿಗೆ ಅವನ ಪ್ರಾಮಾಣಿಕತೆಯೂ ನಿಲ್ಲುತ್ತದೆ. ಶುದ್ಧ ಸಸ್ಯಾಹಾರಿ ಮದುವೆಗೂ ಹೋಗಿ ನೋಡಿ: ಈರುಳ್ಳಿ-ಬೆಳ್ಳುಳ್ಳಿ ಕೂಡ ಸೋಕದ ಅಡುಗೆ, ಉಣ್ಣುವವರ ಮೈಮೇಲೆ ರೇಷ್ಮೆ. ಒಂದು ಸೀರೆಗೆ ಸಾವಿರಾರು ಗೂಡು, ಗೂಡಿಗೊಂದು ಜೀವ, ಎಲ್ಲವೂ ಕುದಿವ ನೀರಿಗೆ. ಗೂಡು ಬೆಳೆದವನು ಮಾತ್ರ ಹೊರಗಿನ ಪಂಕ್ತಿಯಲ್ಲಿ.

ಫೀಜಿಗೆ, ರಿಪೇರಿಗೆ ಒದಗುವ ಆ ಕುರಿ ಸಾಕುವುದೂ ಇನ್ನೆಷ್ಟು ದಿನವೋ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಹಬ್ಬಿದೆ. ಕುರಿ ಮೇಯುತ್ತಿದ್ದ ನೆಲದಲ್ಲಿ ಈಗ ಗಾಜಿನ ಹಲಗೆಗಳು ಬಿಸಿಲು ಮೇಯುತ್ತಿವೆ. ಆ ಕರೆಂಟಿನಲ್ಲಿ ನಗರದ ಯಾವುದೋ ಮಿಕ್ಸಿ ತಿರುಗಿ ಗೋಡಂಬಿ ಚೀಸ್ ಆಗುತ್ತದೆ ಎಂದುಕೊಂಡರೆ ವೀಗನ್ ಪ್ರಗತಿ ನಮ್ಮ ಜಿಲ್ಲೆಯಿಂದಲೇ ಶುರುವಾಯಿತು ಅನ್ನಬಹುದು.

ಕೊಡಿಗೇನಹಳ್ಳಿಯ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೆ ಮನೆ ಮಾಲೀಕರ ಮೊದಲ ಪ್ರಶ್ನೆ: ‘ವೆಜ್ಜಾ, ನಾನ್‌ವೆಜ್ಜಾ?’ ಜಾತಿ ಕೇಳುವುದು ಅಸಭ್ಯ, ಅಡುಗೆ ಕೇಳುವುದು ಆರೋಗ್ಯ. ಹುಡುಗ ತಿಂಗಳ ಕೊನೆಗೆ ಮೊಸರಿಗೂ ಕಾಸಿಲ್ಲದೆ ಅನ್ನಕ್ಕೆ ಉಪ್ಪಿನಕಾಯಿ ಕಲಸುವವನೇ ಇರಬಹುದು, ಆದರೂ ಅವನು ನಾನ್‌ವೆಜ್ಜು. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲು ಮದ್ಯ, ತಂಬಾಕು, ಮಾಂಸ ಮೂರನ್ನೂ ಒಂದೇ ಸಾಲಿನಲ್ಲಿ ನಿಷೇಧಿಸಿದ ಸೂಚನೆ ಹೊರಟು, ಬಾಡೂಟಕ್ಕಾಗಿ ಚಳವಳಿಯೇ ನಡೆಯಿತಲ್ಲ, ಮನೆ ಮಾಲೀಕರ ಪ್ರಶ್ನೆಯೇ ಅಲ್ಲಿ ಪ್ರಕಟಣೆಯ ವೇಷ ಹಾಕಿಕೊಂಡು ಬಂದಿತ್ತು ಅಷ್ಟೆ.

ಆದ್ದರಿಂದ ನನ್ನದೊಂದು ಸಲಹೆ. ಆಹಾರ ಸುರಕ್ಷತಾ ಪ್ರಾಧಿಕಾರ ಪೊಟ್ಟಣಗಳಿಗೆ ಹಸಿರು ಚುಕ್ಕಿ ಕೊಟ್ಟಿದೆ, 2022ರಿಂದ ವೀಗನ್ ತಿನಿಸಿಗೆ ಬೇರೆ ನಿಯಮವನ್ನೂ ಮಾಡಿದೆ. ಪೊಟ್ಟಣಕ್ಕೆ ಕೊಟ್ಟದ್ದನ್ನು ಮನುಷ್ಯರಿಗೇಕೆ ಕೊಡಬಾರದು? ಹೋಬಳಿಯ ನಾಡಕಚೇರಿಯಲ್ಲೇ ಕೊಡಲಿ. ಹೊಸ ತನಿಖೆಯೂ ಬೇಕಿಲ್ಲ, ಎರಡು ಪ್ರಮಾಣಪತ್ರ ಅಲ್ಲಿ ಈಗಾಗಲೇ ಸಿಗುತ್ತವೆ. ಜಾತಿ ಪ್ರಮಾಣಪತ್ರ ನೋಡಿದರೆ ಈ ಮನುಷ್ಯ ಏನು ತಿನ್ನುತ್ತಾನೆಂದು ಲೋಕ ನಂಬಿದೆ ಎಂಬುದು ತಿಳಿಯುತ್ತದೆ. ಆದಾಯ ಪ್ರಮಾಣಪತ್ರ ನೋಡಿದರೆ ನಿಜಕ್ಕೂ ಏನು ತಿನ್ನುತ್ತಾನೆ ಎಂಬುದು ತಿಳಿಯುತ್ತದೆ. ಎರಡನೆಯದರ ಮೇಲೆ ಹಸಿರು ಚುಕ್ಕಿ ಒತ್ತಿಬಿಟ್ಟರೆ ಮುಗಿಯಿತು. ಮರುದಿನವೇ ಕರ್ನಾಟಕ ದೇಶದ ದೊಡ್ಡ ಸಸ್ಯಾಹಾರಿ ರಾಜ್ಯ.

ಅಜ್ಜಿಯನ್ನೂ ಸಾಲಿನಲ್ಲಿ ನಿಲ್ಲಿಸಿಕೊಂಡು ಹೋದೆವೆನ್ನಿ. ಮೇಜಿನ ಆಚೆಯವರು ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲು ಷರತ್ತು ಓದುತ್ತಾರೆ: ‘ಅಜ್ಜಿ, ಇದನ್ನ ಈಸ್ಕೊಂಡ್ರೆ ವರ್ಷ ಪೂರ್ತಿ ಬಾಡು ಮುಟ್ಟಂಗಿಲ್ಲ.’

‘ಈಗೇನ್ ದಿನಾ ಮುಟ್ಟಿ ಮುಟ್ಟಿ ಬೇಜಾರಾಗೈತಾ?’ ಅನ್ನುತ್ತಾಳೆ ಅಜ್ಜಿ. ‘ಕೊಡಿ ಸ್ವಾಮಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ಯುಗಾದಿ ಕಳದ್ಮೇಲೆ ಕೊಡಿ. ಚೀಟಿ ಕಟ್ಟಿವ್ನಿ.’