ಹುಳುಗಳ ಪಂಚಾಂಗ

ಟ್ರೌಟ್ ಹಿಡಿಯುವವರ ಶಾಸ್ತ್ರದಲ್ಲಿ ಮೀನಿಗಿಂತ ಹುಳುವಿಗೇ ಮರ್ಯಾದೆ ಜಾಸ್ತಿ. ಹೊಳೆಯಲ್ಲಿ ಇವತ್ತು ಯಾವ ಹುಳು ರೆಕ್ಕೆ ಬಿಚ್ಚಿಕೊಂಡು ಏಳುತ್ತಿದೆ ಎಂದು ಮೊದಲು ನೋಡಬೇಕು. ಅದೇ ಅಳತೆಯ, ಅದೇ ಬಣ್ಣದ ನಕಲಿ ಹುಳುವನ್ನು ಕೋಳಿಪುಕ್ಕ, ರೇಷ್ಮೆದಾರ ಸುತ್ತಿ ಗಾಳದ ಮೇಲೆ ಕಟ್ಟಬೇಕು. ಆಮೇಲೆ ತಮಗೇನೂ ಗೊತ್ತಿಲ್ಲವೆಂಬಂತೆ ಮೀನಿನ ಮುಂದೆ ತೇಲಿಬಿಡಬೇಕು. ಇಂಗ್ಲೆಂಡಿನ ಫ್ರೆಡರಿಕ್ ಹ್ಯಾಲ್ಫೋರ್ಡ್ 1886ರಲ್ಲಿ ತೇಲುವ ಹುಳುಗಳ ಮೇಲೆ ಪುಸ್ತಕ ಬರೆದ. ಅಮೆರಿಕದ ಅರ್ನೆಸ್ಟ್ ಶ್ವೀಬರ್ಟ್ 1955ರಲ್ಲಿ ಋತುವಿಗೆ ತಕ್ಕ ಹುಳು ಹೊಂದಿಸುವುದರ ಮೇಲೆಯೇ ಇನ್ನೊಂದು ಬರೆದ. ನಕಲಿ ಹುಳು ನೀರಿನ ಮೇಲೇ ತೇಲಬೇಕೋ, ಒಳಗೆ ಮುಳುಗಿದರೂ ನಡೆದೀತೋ ಎಂಬುದು 1938ರಲ್ಲಿ ಲಂಡನ್ನಿನ ಫ್ಲೈಫಿಶರ್ಸ್ ಕ್ಲಬ್ಬಿನಲ್ಲಿ ಗಂಭೀರ ಚರ್ಚೆಯ ವಿಷಯವಾಯಿತು. ಯುದ್ಧ ಬಾಗಿಲಿಗೆ ಬಂದು ನಿಂತಿದ್ದ ವರ್ಷ ಅದು. ನಮ್ಮ ದ್ವೈತ–ಅದ್ವೈತದವರು ಕೂಡ ಇಷ್ಟು ಸಣ್ಣ ಪ್ರಾಣಿಯ ಬೆನ್ನ ಮೇಲೆ ಇಷ್ಟು ದೊಡ್ಡ ವಾದ ಹೇರಿದವರಲ್ಲ.

ನನ್ನ ತಕರಾರು ಶಾಸ್ತ್ರದ ಮೇಲಲ್ಲ, ಅದರ ಕ್ಯಾಲೆಂಡರಿನ ಮೇಲೆ, ಯಾವ ತಿಂಗಳಿಗೆ ಯಾವ ಹುಳು ಎಂಬ ಪಟ್ಟಿಯ ಮೇಲೆ. ಮಡಿಕೇರಿಯ ಪಕ್ಕದ ಗಾಳಿಬೀಡಿಗೆ ಆ ಪಟ್ಟಿ ತಂದು ಗೋಡೆಗೆ ತಗುಲಿಹಾಕಿದರೆ ಉಪಯೋಗಕ್ಕೆ ಬರುವುದಿಲ್ಲ. ಬೇಕಾದ ಪಟ್ಟಿ ಆ ಗೋಡೆಯ ಮೇಲೆ ಆಗಲೇ ಇದೆ, ಅದರ ಹೆಸರು ಪಂಚಾಂಗ. ‘ಕೊಡಗಿನಲ್ಲಿ ಟ್ರೌಟೇ ಇಲ್ಲವಲ್ಲ’ ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಇಲ್ಲ, ನಿಜ. ನೀರು ಇಪ್ಪತ್ತು ಡಿಗ್ರಿ ದಾಟಿದರೆ ಆ ಮೀನಿಗೆ ಏದುಸಿರು ಬರುತ್ತದೆ. ಮೀನುಸಾಕಣೆಯ ತಜ್ಞ ಎಚ್. ಸಿ. ವಿಲ್ಸನ್ ಅದನ್ನು 1900ರ ದಶಕದಲ್ಲಿ ನೀಲಗಿರಿಯಲ್ಲಿ ನೆಲೆಗೊಳಿಸಿದ್ದು ಎರಡು ಸಾವಿರ ಮೀಟರ್ ಎತ್ತರದ ಅವಲಾಂಚಿಯ ಚಳಿಯಲ್ಲಿ. ಮಡಿಕೇರಿ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಎತ್ತರದಲ್ಲಿದೆ, ಅಷ್ಟೆ. ಆದರೆ ಟ್ರೌಟ್ ಇಲ್ಲದ ಮಾತ್ರಕ್ಕೆ ಹುಳು ಇಲ್ಲ ಎಂದಾಗಲಿಲ್ಲ. ತೊರೆಯಿಂದ ಒಂದು ಕಲ್ಲೆತ್ತಿ ಮಗುಚಿ ನೋಡಿ. ಚಪ್ಪಟೆ ಮೈ, ಹೊಟ್ಟೆಯ ಎರಡೂ ಬದಿಗೆ ಅದುರುವ ಕಿವಿರುಗಳು, ಹಿಂದೆ ಕೂದಲಿನಂಥ ಬಾಲಗಳು: ಮೇಫ್ಲೈಯ ಮರಿ, ಬೆಳಕು ಬಿದ್ದ ಕೂಡಲೇ ಕಲ್ಲಿನ ಆಚೆ ಮಗ್ಗುಲಿಗೆ ಜಾರಿಕೊಳ್ಳುತ್ತದೆ. ಅದರ ಪಕ್ಕದಲ್ಲಿ ಮರಳಕಾಳು ಪೋಣಿಸಿ ಕಟ್ಟಿದ ಕೊಳವೆಯಲ್ಲಿ ಕ್ಯಾಡಿಸ್ ಹುಳು. ಸಾಮಾನೆಲ್ಲ ಇದೆ, ಇಲ್ಲದಿರುವುದು ಟೈಮ್ ಟೇಬಲ್ ಒಂದೇ.

ಆ ಟೈಮ್ ಟೇಬಲ್ ಹಾಕಿಕೊಡುವುದು ಚಳಿಗಾಲ. ಇಂಗ್ಲೆಂಡಿನ ದೊಡ್ಡ ಮೇಫ್ಲೈ ಒಂದೆರಡು ವರ್ಷ ಕೆಸರಿನಲ್ಲಿ ಕಳೆದು, ನೀರು ಬೆಚ್ಚಗಾಗುವ ಮೇ–ಜೂನ್ ಹೊತ್ತಿಗೆ ಎಲ್ಲ ಒಟ್ಟಿಗೇ ಮೇಲೇಳುತ್ತದೆ. ರೆಕ್ಕೆ ಬಂದ ಮೇಲೂ ಇನ್ನೊಮ್ಮೆ ಪೊರೆ ಕಳಚುವ ಕೀಟ ಜಗತ್ತಿನಲ್ಲಿ ಮೇಫ್ಲೈಗಳ ಕುಲವೊಂದೇ. ತಿನ್ನಲು ಕೆಲಸಕ್ಕೆ ಬರುವ ಬಾಯಿಲ್ಲ, ಮದುವೆಯಾಗಿ ಮೊಟ್ಟೆಯಿಟ್ಟು ಸಾಯುವಷ್ಟೇ ವ್ಯವಧಾನ. 2014ರ ಜುಲೈಯಲ್ಲಿ ಮಿಸಿಸಿಪ್ಪಿ ದಂಡೆಯ ಲಾ ಕ್ರಾಸ್ ಊರಿನ ಬಳಿ ಇವು ಎದ್ದ ರಭಸಕ್ಕೆ ಹವಾಮಾನದ ರೇಡಾರಿನಲ್ಲಿ ಮಳೆಯಂತೆ ಕಂಡವು. ಜುಲೈಯಲ್ಲಿ ಗಾಳಿಬೀಡಿನ ಕಡೆ ರೇಡಾರ್ ತಿರುಗಿಸಿದರೆ ಕಾಣುವ ಮಳೆ ಮಳೆಯೇ, ಹುಳುವಿನ ಮೇಲೆ ಸಂಶಯಪಡಬೇಕಾಗಿಲ್ಲ. ನಮ್ಮ ತೊರೆಗಳ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದದಲ್ಲಿರುವುದರಿಂದ ಇಲ್ಲಿನ ನೀರುಹುಳುಗಳಿಗೆ ಕಾಯುವ ಗರಜಿಲ್ಲ; ಇವತ್ತು ನಾಲ್ಕು, ನಾಳೆ ಆರು, ಹೀಗೆ ಬಿಡಿಬಿಡಿಯಾಗಿ ಏಳುತ್ತವೆ. ಮೀನು ಒಂದೇ ಹುಳುವಿಗೆ ಹಠ ಹಿಡಿಯುವುದು ಅದೊಂದೇ ರಾಶಿ ಬಿದ್ದಾಗ ಮಾತ್ರ. ಪಂಕ್ತಿಯಲ್ಲಿ ಹೋಳಿಗೆ ಬರುತ್ತಿರುವಾಗ ಉಪ್ಪಿನಕಾಯಿಯ ಕಡೆ ಯಾರು ನೋಡುತ್ತಾರೆ? ಮೀನಿನ ನಾಲಿಗೆ ಸೂಕ್ಷ್ಮವೆಂಬುದು ಗಾಳ ಹಾಕುವವರು ತಮ್ಮ ಸೋಲಿಗೆ ಕೊಟ್ಟುಕೊಂಡ ಗೌರವದ ಹೆಸರು.

ಹಾಗಾದರೆ ಇಲ್ಲಿ ರಾಶಿ ಬೀಳುವುದು ಯಾವುದು? ಬಿದ್ದರೆ ಅದು ಪಂಚಾಂಗ ನಕ್ಷತ್ರದ ಹೆಸರಿಟ್ಟು ಎಣಿಸುವ ಮಳೆಯ ಅಪ್ಪಣೆಯಿಂದಲೇ. ಹೂಮಳೆಗೆ ಕಾಫಿ ಅರಳಿ, ಭರಣಿ–ಕೃತ್ತಿಕೆಯ ಒಂದು ಒಳ್ಳೆಯ ಮಳೆ ಸುರಿದು ನಿಂತ ಸಂಜೆ, ಗಾಳಿ ಸತ್ತ ಹೊತ್ತಿನಲ್ಲಿ ನೆಲದ ಬಿರುಕಿನಿಂದ ರೆಕ್ಕೆ ಬಂದ ಗೆದ್ದಲು ಹೊಗೆಯಂತೆ ಏಳುತ್ತದೆ. ನಾಲ್ಕೂ ರೆಕ್ಕೆ ಒಂದೇ ಅಳತೆ, ಬುಡದಲ್ಲಿ ಮುರಿಯಲೆಂದೇ ಹಾಕಿದ ಗೆರೆ. ಇಳಿದದ್ದೇ ಕಳಚಿ ಎಸೆದುಬಿಡುತ್ತದೆ. ಕೋಳಿ, ಕಪ್ಪೆ, ಹಲ್ಲಿ ಎಲ್ಲಕ್ಕೂ ಅಂದು ಹಬ್ಬ. ಹುರಿದು ತಿನ್ನುವ ಮನುಷ್ಯರೂ ಇದ್ದಾರೆ. ತೊರೆಗೆ ಬಿದ್ದ ಪಾಲಿಗೆ ಮೀನು ಬಾಯಿ ಹಾಕುತ್ತದೆ. ಮೃಗಶಿರಾ–ಆರಿದ್ರೆಯ ಹೊತ್ತಿಗೆ ಲೆಕ್ಕ ಬದಲು: ನೀರು ಕೆಂಪಾಗಿ, ಮೀನು ಗದ್ದೆಯ ಕಡೆ ಹತ್ತತೊಡಗುತ್ತದೆ, ಆ ರಾಡಿಯಲ್ಲಿ ಬಣ್ಣ ನೋಡಿ ಹುಳು ಆರಿಸುವ ಪುರುಸೊತ್ತು ಅದಕ್ಕೂ ಇಲ್ಲ, ಎರೆಹುಳುವಿನ ವಾಸನೆ ಸಾಕು. ಮಳೆ ಜೋರಾದ ಕೊಡವರ ಕಕ್ಕಡ ತಿಂಗಳಲ್ಲಿ ತೊರೆಯ ಹತ್ತಿರ ಹೋಗುವ ಮಾತೇ ಬೇಡ. ಸ್ವಾತಿ ಕಳೆದು ನೀರು ತಿಳಿಯಾದ ಮೇಲಷ್ಟೇ ಹ್ಯಾಲ್ಫೋರ್ಡನ ಪುಕ್ಕಕ್ಕೆ ಸ್ವಲ್ಪ ಕೆಲಸ.

‘ಹುಳುವೇ ಬೇಕೆಂದೇನು, ಕಾವೇರಿಯ ಮಹಶೀರ್ ರಾಗಿಮುದ್ದೆಗೇ ಬೀಳುತ್ತಿತ್ತಲ್ಲ’ ಎಂದು ಯಾರಾದರೂ ಕೇಳಬಹುದು. ಬೀಳುತ್ತಿತ್ತು. ಗಾಳಿಬೀಡಿನ ಪಡುವಣ ಇಳಿಜಾರಿನ ನೀರು ಹರಿದು ಹೋಗುವ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್, 1873ರಲ್ಲಿ ಗಾಳದ ಮೇಲೊಂದು ದಪ್ಪ ಪುಸ್ತಕ ಬರೆದವನು, ಈ ಮೀನು ಹಣ್ಣನ್ನೂ ಬಿಡುವುದಿಲ್ಲವೆಂದು ಕಂಡಿದ್ದ. ಆದರೆ ಇದರಿಂದ ನನ್ನ ವಾದಕ್ಕೆ ಬಲವೇ ಬಂತು: ಯಾವುದು ಮತ್ತೆ ಮತ್ತೆ ಬೀಳುತ್ತದೋ ಅದೇ ಮೀನಿಗೆ ಊಟ. ಅದೇ ಜಿಲ್ಲೆಯ ಶಿಶಿಲದ ದೇವಸ್ಥಾನದ ಹೊಳೆಯಲ್ಲಿ ದೇವರ ಮೀನುಗಳು ಕಾಯುವ ಋತು ಯಾವುದು? ಅಲ್ಲಿ ಗುಂಪಾಗಿ ಏಳುವುದು ಹುಳುವಲ್ಲ, ತಿನಿಸು ಹಾಕುವ ಭಕ್ತರು. ರಜೆಯ ದಿನ ಹೆಚ್ಚು.

ಇನ್ನೊಂದು ಆಕ್ಷೇಪ ಗಟ್ಟಿಯದು. ಮಳೆ ಈಗ ನಕ್ಷತ್ರದ ಮಾತು ಕೇಳುತ್ತಿಲ್ಲ. 2018ರ ಆಗಸ್ಟಿನಲ್ಲಿ ಇದೇ ಗುಡ್ಡಗಳು ಕುಸಿದು ಇಳಿದಾಗ ಯಾವ ಪಂಚಾಂಗವೂ ಎಚ್ಚರಿಸಲಿಲ್ಲ. ಒಪ್ಪಿದೆ. ಆದರೆ ಗೆದ್ದಲು ಪಂಚಾಂಗ ಓದಿ ಏಳುವುದಿಲ್ಲ, ಮಣ್ಣಿನ ತೇವ ನೋಡಿ ಏಳುತ್ತದೆ. ಭರಣಿ ತಡವಾದರೆ ಹುಳುವೂ ತಡ; ಪಟ್ಟಿಯಲ್ಲಿ ತಾರೀಕು ತಪ್ಪಬಹುದು, ಸರದಿ ತಪ್ಪುವುದು ಕಷ್ಟ. ನನ್ನ ಬಳಿ ಉತ್ತರವಿಲ್ಲದ್ದು ಒಂದೇ ಒಂದು ಪ್ರಾಣಿಗೆ: ತೊರೆಯ ಬಂಡೆಗೆ ಬಾಯಿ ಅಂಟಿಸಿಕೊಂಡು ಪಾಚಿ ಕೆರೆಯುವ ಆ ಸಣ್ಣ ಮೀನು. ನೆತ್ತಿಯ ಮೇಲೆ ಗೆದ್ದಲಿನ ಜಾತ್ರೆ ನಡೆದರೂ ತಲೆಯೆತ್ತುವುದಿಲ್ಲ. ಅದಕ್ಕೆ ಇಪ್ಪತ್ತೇಳೂ ನಕ್ಷತ್ರ ಒಂದೇ.