ಸಹಿರಾಯರು

ಹೊಸ ಮನೆಗೆ ಸುಣ್ಣಬಣ್ಣ ಮುಗಿದು ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟ ಮೇಲೆ ಮನೆಯವರಿಗೆ ತುರ್ತಾಗಿ ನೆನಪಾಗುವವರು ಇಬ್ಬರು: ಪುರೋಹಿತರು ಮತ್ತು ಸಹಿರಾಯರು. ಪುರೋಹಿತರಾದರೂ ಮನೆಗೆ ಬರುತ್ತಾರೆ.

ಸಹಿರಾಯರು ಅನ್ನುವುದು ಊರು ಇಟ್ಟ ಹೆಸರು. ಲೆಟರ್‌ಹೆಡ್ಡಿನಲ್ಲಿ ಅವರು 'ಸರ್ಕಾರಿ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರು'. ಅದು ಸುಳ್ಳಲ್ಲ. ವಿದ್ಯುತ್ ಪರಿವೀಕ್ಷಣಾಲಯ ಕೊಟ್ಟ ಲೈಸೆನ್ಸು ಕಟ್ಟು ಹಾಕಿಸಿಕೊಂಡು ಗೋಡೆ ಮೇಲಿದೆ. ಆಯುಧಪೂಜೆಯ ದಿನ ಅದಕ್ಕೊಂದು ಹೂವಿನ ಹಾರ, ಪಕ್ಕದಲ್ಲಿ ಇನ್ಸುಲೇಷನ್ ಅಳೆಯುವ ಮೆಗ್ಗರಿಗೆ ಕುಂಕುಮ. ಮೆಗ್ಗರಿನ ಮೇಲೆ ಹೋದ ವರ್ಷದ ಕುಂಕುಮವೂ ಹಾಗೇ ಇರುತ್ತದೆ. ಮುಟ್ಟಿದ್ದರೆ ತಾನೇ ಅಳಿಸುವುದು!

ಅವರ ನಿಜವಾದ ಆಫೀಸು ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿನ ಎದುರಿನ ಟೀ ಅಂಗಡಿ. ಕಂಕುಳಲ್ಲಿ ರೆಕ್ಸಿನ್ ಬ್ಯಾಗು; ಅದರಲ್ಲಿ ರಬ್ಬರ್ ಸ್ಟ್ಯಾಂಪು, ಇಂಕ್ ಪ್ಯಾಡು, ಕರೆಂಟು ಸಂಪರ್ಕಕ್ಕೆ ಬೇಕಾದ, ಮೊದಲೇ ಸಹಿ ಹಾಕಿಟ್ಟ ಖಾಲಿ ಕಂಪ್ಲೀಷನ್ ರಿಪೋರ್ಟುಗಳ ಕಟ್ಟು. ಅರ್ಧ ಲೋಟ ಟೀ ಮುಗಿಯುವುದರೊಳಗೆ ಮೂರು ಮನೆಯ ವೈರಿಂಗು 'ಪರೀಕ್ಷೆಗೆ ಒಳಪಟ್ಟು ಸುರಕ್ಷಿತವಾಗಿದೆ' ಎಂದಾಗುತ್ತದೆ. ಆ ಮೂರರಲ್ಲಿ ಒಂದು ಇನ್ನೂ ಲಿಂಟಲ್ ಮಟ್ಟದಲ್ಲಿದ್ದರೂ ಅಡ್ಡಿಯಿಲ್ಲ.

ಹಾಗಾದರೆ ವೈರಿಂಗ್ ಮಾಡಿದವರು ಯಾರು? 'ಹುಡುಗ'. ಹುಡುಗನ ಮಗಳು ಪಿಯುಸಿ ಓದುತ್ತಿದ್ದಾಳೆ, ಆದರೂ ಅವನು ಹುಡುಗನೇ. ಗೋಡೆ ಕೊರೆದು ಪೈಪ್ ಕೂರಿಸುವುದರಿಂದ ಡಿಬಿ, ಅಂದರೆ ಡಿಸ್ಟ್ರಿಬ್ಯೂಷನ್ ಬೋರ್ಡು, ಕಟ್ಟುವವರೆಗೆ ಅವನಿಗೆ ಎಲ್ಲ ಗೊತ್ತು, ಪರ್ಮಿಟ್ ಒಂದಿಲ್ಲ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಚಿಲ್ಲರೆ ಕೆಲಸ ಬಿಟ್ಟರೆ ಮಿಕ್ಕಿದ್ದೆಲ್ಲ ಲೈಸೆನ್ಸುಳ್ಳ ಗುತ್ತಿಗೆದಾರರ ಮೂಲಕ, ಅರ್ಹ ಮೇಲ್ವಿಚಾರಕರ ಎದುರಲ್ಲಿ, ಪರ್ಮಿಟ್ ಇದ್ದವರ ಕೈಯಲ್ಲೇ ಆಗಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ ಹೇಳುತ್ತದೆ. ರಾಯರಿಗೆ ಇದು ಬಾಯಿಪಾಠ. ಕೆಲಸ ಮಾಡಿದವನಿಗೆ ಸಹಿಯಿಲ್ಲ, ಸಹಿ ಮಾಡಿದವರಿಗೆ ಕೆಲಸವಿಲ್ಲ.

ರಾಯರ ರಿಪೋರ್ಟಿನ ಅಂಕಿಗಳನ್ನು ನೋಡಬೇಕು. ವೈರಿಗೂ ಅರ್ತಿಗೂ ನಡುವೆ ಒಂದು ನಿಮಿಷ 500 ವೋಲ್ಟ್ ಡಿಸಿ ಕೊಟ್ಟಾಗ ಇನ್ಸುಲೇಷನ್ ಕನಿಷ್ಠ 1 ಮೆಗಾಓಮ್ ತೋರಿಸಬೇಕು. ರಾಯರ ಮನೆಗಳೆಲ್ಲ 50 ತೋರಿಸುತ್ತವೆ. ಅರ್ತ್ ಎಲ್ಲೆಡೆ 1.5 ಓಮ್. ಬಂಡೆ ಸಿಡಿಸಿ ಕಟ್ಟಿದ ಮನೆಗೂ ಅಷ್ಟೇ, ಕೆರೆ ಅಂಗಳದಲ್ಲಿ ಕಟ್ಟಿದ್ದಕ್ಕೂ ಅಷ್ಟೇ. ಏಪ್ರಿಲ್ಲಿಗೂ ಅಷ್ಟೇ, ಆಷಾಢಕ್ಕೂ ಅಷ್ಟೇ. ಸೆಕ್ಷನ್ ಆಫೀಸಿಗೆ ಹೊಸದಾಗಿ ಬಂದ ಅಸಿಸ್ಟೆಂಟ್ ಎಂಜಿನಿಯರ್ ಒಬ್ಬರು ಕೇಳಿಯೇಬಿಟ್ಟರು:

"ಅಲ್ರೀ, ಎಲ್ಲಾ ಮನೆಗೂ ಒಂದೇ ರೀಡಿಂಗ್ ಹೆಂಗ್ ಬರುತ್ತೆ?"

"ವೈರ್ ಒಂದೇ ಕಂಪನೀದು ಸಾರ್."

ಮರುದಿನದಿಂದ ರಿಪೋರ್ಟುಗಳಲ್ಲಿ 48, 53, 51 ಬರತೊಡಗಿದವು. ಪ್ರತಿ ಫಾರಂಗೂ ಹೊಸ ಅಂಕಿ ಹುಟ್ಟಿಸುವ ಈ ಶ್ರಮಕ್ಕೆ ಹೋಲಿಸಿದರೆ ಮೆಗ್ಗರ್ ತಿರುಗಿಸುವುದೇ ಸುಲಭವಿತ್ತು ಎಂದು ನನ್ನ ಅಭಿಪ್ರಾಯ.

ಕಾಗದದಲ್ಲಿ ಅರ್ತ್ ಪಿಟ್ ಆಳವಾಗಿದೆ. ಇದ್ದಿಲು, ಉಪ್ಪು, ಜಿಐ ಪೈಪು ಎಲ್ಲ ಇವೆ. ನೆಲದಲ್ಲಿ ಇರುವುದು ಸಂಪಿನ ಪಕ್ಕ ಎರಡಡಿ ಹೊಡೆದ ಸರಳು, ಅದರ ಮೇಲೆ ಸಿಮೆಂಟ್ ಮುಚ್ಚಳ. ಮುಚ್ಚಳ ಮಾತ್ರ ಬಹಳ ಗಟ್ಟಿ.

ವಾಸಕ್ಕೆ ಬಂದ ಮನೆಯೊಡತಿ ಒಂದು ದಿನ ರಾಯರನ್ನು ದಾರಿಯಲ್ಲಿ ಹಿಡಿಯುತ್ತಾರೆ.

"ರಾಯ್ರೇ, ವಾಷಿಂಗ್ ಮಿಷನ್ ಮುಟ್ಟಿದ್ರೆ ಜುಮ್ ಅನ್ನುತ್ತೆ."

"ಬರಿಗಾಲಲ್ಲಿ ಮುಟ್ಟಿದ್ರಾ ಅಮ್ಮಾ?"

"ಹೂಂ."

"ಮತ್ತೆ! ಚಪ್ಪಲಿ ಹಾಕ್ಕೊಂಡು ಮುಟ್ಟಿ."

"ಆ ಡಬ್ಬಿ ಬೇರೆ ಮಾತೆತ್ತಿದ್ರೆ ಟಪ್ ಅಂತ ಬಿದ್ದುಬಿಡುತ್ತೆ."

"ಅದು ಸ್ವಲ್ಪ ಸೂಕ್ಷ್ಮ. ಹುಡುಗನ್ನ ಕಳಿಸ್ತೀನಿ."

ಹುಡುಗ ಬಂದು ಆ ಡಬ್ಬಿಯನ್ನು, ಅಂದರೆ ಆರ್‌ಸಿಸಿಬಿಯನ್ನು ಬದಿಗೆ ಸರಿಸಿ ವೈರನ್ನು ನೇರ ಕೊಟ್ಟು ಹೋಗುತ್ತಾನೆ. 30 ಮಿಲಿಆಂಪ್ ಕರೆಂಟು ದಾರಿತಪ್ಪಿ ಒದ್ದೆ ಗೋಡೆಗೋ ಮನುಷ್ಯನ ಮೈಗೋ ಹರಿದರೆ ಕ್ಷಣದಲ್ಲಿ ಸಂಪರ್ಕ ಕಡಿಯಬೇಕಾದ ಸಾಧನ ಅದು. ಆ ಮನೆಯ ವೈರಿಂಗ್ ಬಗ್ಗೆ ಸತ್ಯ ಹೇಳುತ್ತಿದ್ದದ್ದು ಅದೊಂದೇ. ಅದರ ಬಾಯಿ ಮುಚ್ಚಿಸಿದ್ದಕ್ಕೆ ಹುಡುಗನಿಗೆ ಕಾಫಿ, ಇನ್ನೂರು ರೂಪಾಯಿ.

ರಾಯರನ್ನಷ್ಟೇ ಬೈದರೆ ಅನ್ಯಾಯವಾದೀತು. ಟೈಲ್ಸಿಗೆ ಲಕ್ಷಗಟ್ಟಲೆ ಸುರಿದು, ಟೆಸ್ಟಿಂಗಿಗೆ ಸಾವಿರ ಕೇಳಿದರೆ "ಸುಮ್ನೆ ಒಂದು ಸಹಿಗೆ ಅಷ್ಟಾ?" ಎನ್ನುವವರು ನಾವೇ. ಸಹಿಗೆ ತಕ್ಕ ದುಡ್ಡು ಕೊಡುತ್ತೇವೆ, ಅವರು ಸಹಿಯನ್ನೇ ಕೊಡುತ್ತಾರೆ.

ತಮಾಷೆ ನಿಲ್ಲುವ ಜಾಗವೂ ಇದೆ. ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ಆಘಾತದಿಂದ ಸಾಯುತ್ತಾರೆ. ಸಾವಾದರೆ 24 ಗಂಟೆಯೊಳಗೆ ಪರಿವೀಕ್ಷಕರಿಗೆ ತಿಳಿಸಬೇಕು. 2003ರ ವಿದ್ಯುತ್ ಕಾಯ್ದೆಯ 161ನೇ ಕಲಮಿನಂತೆ ವಿಚಾರಣೆ ನಡೆಯಬಹುದು. ಆಗ ಹಳೆಯ ಫೈಲು ಹೊರಬರುತ್ತದೆ. ರಾಯರ ಉತ್ತರವೂ ಸಿದ್ಧ: "ನಾನ್ ಕೊಟ್ಟಾಗ ಸರಿಯಾಗಿತ್ತು ಸಾರ್. ಆಮೇಲೆ ಆ ಹುಡುಗ ಏನೇನೋ ಪಾಯಿಂಟ್ ಹಾಕಿದ್ದಾನೆ."

ಗೊತ್ತಿಲ್ಲದೆ ಮಾಡುತ್ತಾರೆಯೇ? ಅವರ ಸ್ವಂತ ಮನೆಗೆ ಹೋಗಿ ನೋಡಿ. ಎರಡು ಅರ್ತ್ ಪಿಟ್, ಎರಡೂ ಅಳತೆಗೆ ಸರಿಯಾಗಿ ತೋಡಿದವು. ಬೇಸಿಗೆಯಲ್ಲಿ ಸಂಜೆ ಸಂಜೆ ರಾಯರೇ ಬಿಂದಿಗೆ ಹಿಡಿದು ಅವಕ್ಕೆ ನೀರು ಹೊಯ್ಯುತ್ತಾರೆ. ಆರ್‌ಸಿಸಿಬಿ ಒಮ್ಮೆ ಬಿದ್ದರೆ ಕಾರಣ ಸಿಗುವವರೆಗೆ ಮತ್ತೆ ಎತ್ತುವುದಿಲ್ಲ. ಮೆಗ್ಗರಿನ ಕುಂಕುಮ ಅಳಿಸಿದ್ದು ಆ ಮನೆಗೆ ವೈರಿಂಗ್ ಮಾಡಿಸಿದ ವರ್ಷ ಮಾತ್ರ.

ನಿಮ್ಮ ಮನೆಯ ರಿಪೋರ್ಟು ಯಾವ ಟೀ ಅಂಗಡಿಯಲ್ಲಿ ಹುಟ್ಟಿತೋ ನನಗೆ ತಿಳಿಯದು. ಡಿಬಿಯ ಬಾಗಿಲು ತೆಗೆಯಿರಿ, ಆರ್‌ಸಿಸಿಬಿಯ ಮೇಲೆ 'ಟಿ' ಎಂದು ಬರೆದ ಪುಟ್ಟ ಗುಂಡಿ ಇರುತ್ತದೆ, ಕರೆಂಟು ಇರುವಾಗ ಒಮ್ಮೆ ಒತ್ತಿ. ಟಪ್ ಎಂದು ಬೀಳದಿದ್ದರೆ, ಅಥವಾ ಅದು ಬಿದ್ದರೂ ಮನೆಯ ದೀಪಗಳು ಉರಿಯುತ್ತಲೇ ಇದ್ದರೆ, ಮೆಗ್ಗರ್ ಹಿಡಿದು ಮನೆಗೆ ಬರುವ ಇನ್ನೊಬ್ಬರನ್ನು ಇವತ್ತೇ ಕರೆಸಿ.